ಕೊನೆಯ ಬೆಂಚಿಗೆ ಕೇಳಬೇಕು

ಪಾಠ ಮಾಡುವುದನ್ನು ಪಾಠ ಮಾಡಲು ಹೊರಟವನಿಗೆ ನಗು ಹುಡುಕಿಕೊಂಡು ಹೋಗುವ ಅಗತ್ಯ ಬರುವುದಿಲ್ಲ. ಅದು ತಾನೇ ಚೀಲ ಹಿಡಿದುಕೊಂಡು ಬೆಳಗಿನ ಬಸ್ಸಿಗೆ ಬಂದು ಇಳಿಯುತ್ತದೆ.

ನಮ್ಮ ತರಬೇತಿ ಕೇಂದ್ರ ಇರುವುದು ಉಡುಪಿಯ ಹತ್ತಿರ ಅಂಬಲಪಾಡಿಯ ಒಂದು ಹಂಚಿನ ಮನೆಯಲ್ಲಿ. ಪಿಯುಸಿಯೋ ಡಿಗ್ರಿಯೋ ಮುಗಿಸಿ ಹಳ್ಳಿಯಲ್ಲೇ ಉಳಿದ ಹುಡುಗಿಯರನ್ನು ಆರಿಸಿ, ಒಂದು ವರ್ಷ ಇಲ್ಲಿಟ್ಟುಕೊಂಡು ಕಲಿಸಿ, ಟೀಚರ್ ಮಾಡಿ ಅವರವರ ಊರಿಗೇ ಕಳುಹಿಸುತ್ತೇವೆ. ಶಾಲೆ ಬಿಟ್ಟ ಹುಡುಗಿಯರು, ಇನ್ನೇನು ಬಿಡಲಿರುವ ಹುಡುಗಿಯರು, ಗಣಿತದಲ್ಲಿ ಬಿದ್ದು ಮನೆ ಸೇರಿದ ಹುಡುಗಿಯರು, ಇವರಿಗೆ ಸಂಜೆ ಪಾಠ ಮಾಡುವುದು ಅವರ ಕೆಲಸ.

ಕೇಂದ್ರ ನಡೆಸುವವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಕಾರ್ಕಳ ಕಡೆಯ ಅರ್ಧ ಜನ ಅವರ ಕೈಯಲ್ಲಿ ಕಲಿತವರು, ಇನ್ನರ್ಧ ಜನ ಅವರ ಕೈಯಿಂದ ತಪ್ಪಿಸಿಕೊಂಡವರು. ಎಲ್ಲರಿಗೂ ಅವರು ದೊಡ್ಡ ಟೀಚರ್. ಪಾಠದ ಬಗ್ಗೆ ಅವರದು ಒಂದೇ ಪರೀಕ್ಷೆ: ಕೊನೆಯ ಬೆಂಚಿಗೆ ಕೇಳಬೇಕು. ಕೇಳದ ಪಾಠ ಮಾಡದ ಪಾಠ. ಇನ್ನೊಂದು ಗುಣ, ಜೀವಮಾನದಲ್ಲಿ ಒಂದು ಬಸ್ಸನ್ನೂ ತಪ್ಪಿಸಿಕೊಂಡವರಲ್ಲ. ಯಾವ ಸಭೆಯಲ್ಲೇ ಆಗಲಿ, ರಸ್ತೆ ಕಾಣುವ ಕುರ್ಚಿಯಲ್ಲೇ ಕೂರುತ್ತಾರೆ.

ನಾನು ಅಲ್ಲಿ ಬೋಧನಾ ಕ್ರಮ ಕಲಿಸುವವನು. ಮಾತು ಕಡಿಮೆ. ಇಂಥವನನ್ನು ಮಾತನಾಡಲು ಕಲಿಸುವ ಕೆಲಸಕ್ಕೆ ಯಾಕೆ ಇಟ್ಟುಕೊಂಡಿರಿ ಎಂದು ಒಮ್ಮೆ ಅವರನ್ನೇ ಕೇಳಿದ್ದೆ.

"ಕೇಳುವವರೂ ಒಬ್ಬರು ಬೇಕಲ್ಲ ಮಾಷ್ಟ್ರೇ" ಎಂದರು.

ಸಂದರ್ಶನಕ್ಕೆ ಯಾರು ಬಂದದ್ದು?

ಸಂದರ್ಶನದ ದಿನ ಹುಡುಗಿಯರು ಒಬ್ಬರೇ ಬರುವುದಿಲ್ಲ. ಅಪ್ಪ, ಅಮ್ಮ, ಅಣ್ಣ, ಮಾವ, ಕೆಲವೊಮ್ಮೆ ಪಕ್ಕದ ಮನೆಯವರು. ಬಜಗೋಳಿ ಕಡೆಯಿಂದ ಬಂದ ಹುಡುಗಿಯ ಜೊತೆಗೆ ತಾಯಿ ಬಂದಿದ್ದರು. ತಾಯಿಯೂ ಮಗಳೂ ಊರಿನ ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ಸುಲಿಯುವ ಕೆಲಸದವರು. ಮಗಳು ಕೆಲಸ ಮಾಡುತ್ತಲೇ ಡಿಗ್ರಿ ಮುಗಿಸಿದ್ದಳು.

"ನಿನ್ನ ಹೆಸರೇನಮ್ಮ?" ಎಂದು ದೊಡ್ಡ ಟೀಚರ್ ಕೇಳಿದರು. ತಾಯಿ ಹೆಸರು ಹೇಳಿದರು.

"ಎಷ್ಟು ಓದಿದ್ದಿ?"

ತಾಯಿ ಅದನ್ನೂ ಹೇಳಿದರು, ಅಂಕಗಳ ಸಮೇತ.

"ಟೀಚರ್ ಆಗಬೇಕು ಎಂದು ಯಾಕೆ ಅನಿಸಿತು?"

"ಅದು ಎಂತ ಅಂದರೆ ಟೀಚರೇ" ಎಂದು ತಾಯಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ದೊಡ್ಡ ಟೀಚರ್ ಕನ್ನಡಕ ತೆಗೆದರು. "ಅಮ್ಮ, ನೀವು ಸ್ವಲ್ಪ ಹೊರಗೆ ಕುಳಿತುಕೊಳ್ಳಿ. ಅವಳೇ ಹೇಳಲಿ."

"ಅವಳಿಗೆ ಬಾಯಿ ಇಲ್ಲ ಟೀಚರೇ. ಅದಕ್ಕೇ ನಾನು ಬಂದದ್ದು" ಎನ್ನುತ್ತಾ ಅವರು ಎದ್ದು ಹೊರಗೆ ಹೋದರು. ಹುಡುಗಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಗೇರು ಸಿಪ್ಪೆಯ ಕಲೆ ಉಗುರುಗಳ ಸುತ್ತ ಕಪ್ಪಾಗಿತ್ತು. ತುಟಿ ಅಲುಗಿತು. ಏನೋ ಹೇಳಿದಳು. ಎದುರಿಗೆ ಕುಳಿತ ನನಗೇ ಕೇಳಲಿಲ್ಲ.

"ಇನ್ನೊಮ್ಮೆ ಹೇಳು" ಎಂದರು ದೊಡ್ಡ ಟೀಚರ್.

ಉತ್ತರ ಕಿಟಕಿಯಿಂದ ಬಂತು. "ತಂಗಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಳು ಟೀಚರೇ. ಇವಳೇ ಮನೆಯಲ್ಲಿ ಕೂರಿಸಿ ಕಲಿಸಿ ಎಸ್ಸೆಸ್ಸೆಲ್ಸಿ ಪಾಸ್ ಮಾಡಿಸಿದಳು. ಒಬ್ಬಳಿಗೆ ಕಲಿಸಲು ಬರುತ್ತದೆ ಅಂತಾದರೆ ಹತ್ತು ಜನಕ್ಕೂ ಬರುತ್ತದೆ ಅಲ್ವಾ?" ತಾಯಿ ಹೊರಗಿನಿಂದ ಕಿಟಕಿಯ ಸರಳು ಹಿಡಿದು ನಿಂತಿದ್ದರು. "ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ರೈಟರಲ್ಲಿ ಮಾತಾಡಿ ಬಂದಿದ್ದೇನೆ. ಇವಳ ಸ್ಟೂಲ್ ಒಂದು ವರ್ಷ ಹಾಗೇ ಇರುತ್ತದೆ. ಇಲ್ಲಿ ಆಗದಿದ್ದರೆ ವಾಪಸ್ ಬಂದು ಕೂರುವುದು. ಆದರೆ ಅವಳಿಗೆ ಅಲ್ಲಿ ಕೂರಲು ಮನಸ್ಸಿಲ್ಲ."

ಹುಡುಗಿ ಹೌದೆಂದು ತಲೆಯಾಡಿಸಿದಳು. ಸಂದರ್ಶನದಲ್ಲಿ ಅವಳು ಕೊಟ್ಟ ಒಂದೇ ಸ್ಪಷ್ಟ ಉತ್ತರ ಅದು.

ಅವರು ಹೋದ ಮೇಲೆ ದೊಡ್ಡ ಟೀಚರ್ ನನ್ನನ್ನು ನೋಡಿದರು. "ಎಂತ ಮಾಡುವ ಮಾಷ್ಟ್ರೇ?"

"ಹುಡುಗಿಯನ್ನು ಸೇರಿಸಿಕೊಳ್ಳುವ" ಎಂದೆ.

"ಸೇರಿಸಿಕೊಳ್ಳುವ. ಆದರೆ ಪಾಸಾದದ್ದು ತಾಯಿ."

ಬಾಯಿಯೊಳಗಿನ ಕಲ್ಲು

ಬಜಗೋಳಿಯ ಹುಡುಗಿ ಪಾಠದ ತಯಾರಿಯಲ್ಲಿ ಎಲ್ಲರಿಗಿಂತ ಮುಂದು. ಅವಳು ಬರೆದ ಪಾಠಯೋಜನೆಯನ್ನು ಮಾದರಿಗೆಂದು ಗೋಡೆಗೆ ಅಂಟಿಸಿದ್ದೆವು. ತೊಂದರೆ ಬಾಯಿ ತೆರೆಯುವಾಗ ಮಾತ್ರ. ಕರಿಹಲಗೆಗೆ ಮುಖ ಮಾಡಿ ನಿಂತು ಅದರ ಕಿವಿಯಲ್ಲಿ ಗುಟ್ಟು ಹೇಳಿದಂತೆ ಪಾಠ ಮಾಡುತ್ತಿದ್ದಳು.

ಅವಳ ಕೋಣೆಯ ಜೊತೆಗಾತಿ ಕಾಪು ಕಡೆಯ ಮಲ್ಲಿಗೆ ತೋಟದ ಮನೆಯವಳು, ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ ಹುಡುಗಿ. ಇವಳು ನಿದ್ರೆಯಲ್ಲಿಯೂ ಮಾತನಾಡುತ್ತಾಳೆಂದು ಹಾಸ್ಟೆಲಿನಲ್ಲಿ ದೂರು ಇತ್ತು. "ಸರ್, ನನ್ನಿಂದ ಸ್ವಲ್ಪ ಕಡಿದು ಅವಳಿಗೆ ಕಸಿ ಕಟ್ಟಲು ಆಗುವುದಿಲ್ವಾ?" ಎಂದು ಅವಳೇ ಕೇಳಿದ್ದಳು.

ಧೈರ್ಯ ತುಂಬಲೆಂದು ಮಣಿಪಾಲದಿಂದ ಒಬ್ಬ ತಜ್ಞರನ್ನು ಕರೆಸಿದೆವು. ಅವರು ಲ್ಯಾಪ್‌ಟಾಪ್ ತೆರೆದು ಚೆನ್ನಾಗಿಯೇ ಹೇಳಿದರು. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿ ಮಾತನಾಡಿ ಎಂದರು. ಹಾಸ್ಟೆಲಿನಲ್ಲಿ ಇದ್ದದ್ದು ಒಂದೇ ಕನ್ನಡಿ. ಮರುದಿನ ಅದರ ಮುಂದೆ ನಿಂತ ಸಾಲು ಅಡುಗೆಮನೆ ದಾಟಿ ಬಾವಿಕಟ್ಟೆ ಮುಟ್ಟಿತು. ಎಲ್ಲರಿಗಿಂತ ಹಿಂದೆ ಬಜಗೋಳಿಯ ಹುಡುಗಿ. ಅವಳ ಸರದಿ ಬರುವಷ್ಟರಲ್ಲಿ ತರಗತಿಯ ಗಂಟೆ ಹೊಡೆಯಿತು.

ಆ ವಾರ ತರಗತಿಯಲ್ಲಿ ಯಾವುದೋ ಮಾತಿಗೆ ಒಂದು ಹಳೆಯ ಕತೆ ಹೇಳಿದೆ. ಗ್ರೀಕರ ಕಾಲದಲ್ಲಿ ಮಾತು ತೊದಲುತ್ತಿದ್ದ ಒಬ್ಬ, ಬಾಯಿಯಲ್ಲಿ ಕಲ್ಲಿನ ಹರಳು ಇಟ್ಟುಕೊಂಡು ಸಮುದ್ರದ ಎದುರು ನಿಂತು ಅಭ್ಯಾಸ ಮಾಡಿ ದೊಡ್ಡ ಭಾಷಣಕಾರನಾದನಂತೆ ಎಂದೆ. ಕತೆಯನ್ನು ಕತೆಯಾಗಿಯೇ ಹೇಳಿದ್ದು. ಎರಡು ದಿನ ಬಿಟ್ಟು ನಮ್ಮ ಹಾಸ್ಟೆಲಿನ ಅಡುಗೆಯ ಅಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ತರಗತಿಗೇ ಬಂದರು.

"ಸರ್, ಇಷ್ಟು ವರ್ಷದಲ್ಲಿ ನನ್ನ ಅನ್ನಕ್ಕೆ ಯಾರೂ ಹೆಸರು ಇಟ್ಟದ್ದಿಲ್ಲ."

"ಏನಾಯಿತು ಅಕ್ಕ?"

"ಈ ಬಜಗೋಳಿಯವಳು ಊಟಕ್ಕೆ ಕೂರುವ ಮೊದಲು ಎಲ್ಲರ ಎದುರು ಬಾಯಿಂದ ಕಲ್ಲು ತೆಗೆದು ಬಟ್ಟಲ ಪಕ್ಕದಲ್ಲಿ ಇಡುತ್ತಾಳೆ. ಒಂದಲ್ಲ, ಮೂರು. ನಿನ್ನೆ ನೋಡಲು ಬಂದಿದ್ದ ಯಾರದೋ ಅಪ್ಪ ಅದನ್ನು ನೋಡಿ ಊಟ ಬೇಡ ಎಂದು ಎದ್ದು ಹೋದರು. ನಮ್ಮ ಕುಚ್ಚಲಕ್ಕಿಯಲ್ಲಿ ಕಲ್ಲಿಲ್ಲ ಸರ್. ಅದು ಅವಳೇ ಮಲ್ಪೆ ಬೀಚಿನಿಂದ ತಂದದ್ದು. ನೀವು ನೋಟೀಸು ಹಾಕಬೇಕು!"

ಹಾಕಿದೆ. ಊಟದ ಕೋಣೆಯ ಬಾಗಿಲಲ್ಲಿ ಆ ನೋಟೀಸು ಈಗಲೂ ಉಂಟು: "ಇಲ್ಲಿಯ ಅನ್ನದಲ್ಲಿ ಕಲ್ಲಿಲ್ಲ. ಕಲ್ಲು ಅವರವರದ್ದು."

ನಾಲ್ಕನೇ ಒಂದು ಅಂಜಲ್

ಪಾಠ ಮಾಡುವಾಗ ಊರಿನಲ್ಲಿ ಸಿಗುವ ವಸ್ತುಗಳನ್ನೇ ಬಳಸಿ ಎಂದು ನಾವು ಹೇಳುತ್ತಲೇ ಇರುತ್ತೇವೆ. ಹುಣಸೆ ಬೀಜ, ತೆಂಗಿನ ಗರಿ, ಚಿಪ್ಪು, ಏನೂ ಆಗಬಹುದು. ಕಾಪುವಿನ ಹುಡುಗಿ ಇದನ್ನು ಮನಸ್ಸಿಗೆ ತೆಗೆದುಕೊಂಡಳು. ಅಭ್ಯಾಸಕ್ಕೆಂದು ತನ್ನ ಊರಿನ ಸಂಜೆ ತರಗತಿಯಲ್ಲಿ ಮಾಡಿದ ಭಿನ್ನರಾಶಿಯ ಪಾಠಕ್ಕೆ ಒಂದು ಅಂಜಲ್ ಮೀನನ್ನೇ ಹಿಡಿದುಕೊಂಡು ಬಂದಳು. ಅವಳ ಮಾವ ಮಲ್ಪೆಯ ಬೋಟಿನಲ್ಲಿ ಕೆಲಸ ಮಾಡುವವರು.

ಪಾಠ ನೋಡಲು ನಾನು ಹೋಗಿದ್ದೆ, ಜೊತೆಗೆ ಬಜಗೋಳಿಯ ಹುಡುಗಿಯೂ ಇದ್ದಳು. ಮೇಜಿನ ಮೇಲೆ ಬಾಳೆ ಎಲೆ, ಎಲೆಯ ಮೇಲೆ ಮೀನು. ಇಷ್ಟು ಗಮನವಿಟ್ಟು ಕುಳಿತ ತರಗತಿಯನ್ನು ನಾನು ಮೊದಲು ನೋಡಿರಲಿಲ್ಲ.

"ಇದು ಒಂದು ಪೂರ್ಣ" ಎಂದಳು ಕಾಪುವಿನ ಹುಡುಗಿ. ಮೀನನ್ನು ನಾಲ್ಕು ತುಂಡು ಮಾಡಿದಳು. ಒಂದನ್ನು ಎತ್ತಿ ಹಿಡಿದಳು. "ಇದು ಎಷ್ಟು?"

"ಬಾಲ, ಟೀಚರ್!" ಎಂದಿತು ತರಗತಿ.

"ಬಾಲ ಅಲ್ಲ ಮಕ್ಕಳೇ. ನಾಲ್ಕನೇ ಒಂದು. ಈಗ ಇದು?"

"ತಲೆ!"

"ಇದೂ ನಾಲ್ಕನೇ ಒಂದು. ನಾಲ್ಕು ತುಂಡೂ ನಾಲ್ಕನೇ ಒಂದು."

ಎರಡನೇ ಬೆಂಚಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರ್, ನಾಲ್ಕನೇ ಒಂದು ಅಂದರೆ ಎಲ್ಲ ಸಮ ಅಲ್ವಾ?"

"ಹೌದು, ಜಾಣೆ."

"ಹಾಗಾದರೆ ನಮ್ಮ ಮನೆಯಲ್ಲಿ ನಡು ತುಂಡು ಯಾವಾಗಲೂ ಅಣ್ಣನಿಗೆ ಯಾಕೆ? ನನಗೆ ಯಾವಾಗಲೂ ಬಾಲ ಯಾಕೆ?"

"ನನಗೂ ಬಾಲವೇ" ಎಂದಳು ಇನ್ನೊಬ್ಬಳು. "ನನಗೆ ತಲೆ. ಮುಳ್ಳು ತೆಗೆಯುವಷ್ಟರಲ್ಲಿ ಗಂಜಿ ತಣಿಯುತ್ತದೆ" ಎಂದಳು ಮತ್ತೊಬ್ಬಳು. ತರಗತಿಯಲ್ಲಿ ದೊಡ್ಡ ಗದ್ದಲವೆದ್ದಿತು. ಹುಟ್ಟಿದಾರಭ್ಯ ಮಾತಿಗೆ ತಡವರಿಸದ ಕಾಪುವಿನ ಹುಡುಗಿ ಮೊದಲ ಸಲ ಬಾಯಿ ಮುಚ್ಚಿ ನನ್ನ ಕಡೆ ನೋಡಿದಳು. ಶಿಕ್ಷಣಶಾಸ್ತ್ರದ ಪುಸ್ತಕಗಳಲ್ಲಿ ಈ ಪ್ರಶ್ನೆಗೆ ಉತ್ತರ ಓದಿದ ನೆನಪು ನನಗೂ ಬರಲಿಲ್ಲ. ನಾನು ಬಜಗೋಳಿಯ ಹುಡುಗಿಯ ಕಡೆ ನೋಡಿದೆ. ಅವಳು ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಒಂದು ಬೆಕ್ಕು ಮೇಜಿನ ಮೇಲೆ ಹಾರಿ, ತಲೆ ಬಾಲಗಳನ್ನು ಮೂಸಿಯೂ ನೋಡದೆ ನಡು ತುಂಡನ್ನೇ ಕಚ್ಚಿಕೊಂಡು ಕಿಟಕಿಯಿಂದ ಇಳಿದು ಹೋಯಿತು.

ಎರಡು ಜಡೆಯ ಹುಡುಗಿ ನಿಧಾನವಾಗಿ ಕುಳಿತುಕೊಂಡಳು.

"ಗಂಡು ಬೆಕ್ಕು" ಎಂದಳು.

ಹುಡುಗ ಎಂತ ಮಾಡುತ್ತಾನೆ?

ತರಗತಿಗೆ ಹುಡುಗಿಯರನ್ನು ಕರೆತರಲು ಮನೆ ಮನೆಗೆ ಹೋಗಬೇಕು. ಅದೂ ತರಬೇತಿಯ ಒಂದು ಭಾಗ. ಕುಕ್ಕುಂದೂರಿಗೆ ಹೋದದ್ದು ನಾನು, ಕಾಪುವಿನ ಹುಡುಗಿ, ಬಜಗೋಳಿಯ ಹುಡುಗಿ. ನನ್ನ ಕೈಯಲ್ಲಿ ಕೊಡೆ, ಬಗಲಲ್ಲಿ ಚೀಲ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಈ ವೇಷ ನಮ್ಮ ಕಡೆಯಲ್ಲಿ ಯಾರ ವೇಷ ಎಂಬುದು ನನಗೆ ಹೊಳೆದಿರಲಿಲ್ಲ.

ಒಂದು ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಬೀಡಿ ಕಟ್ಟುತ್ತಾ ಕುಳಿತಿದ್ದರು.

"ಅಜ್ಜಿ, ಈ ಮನೆಯಲ್ಲಿ ಒಬ್ಬಳು ಹುಡುಗಿ ಇದ್ದಾಳಂತಲ್ಲ?" ಎಂದೆ.

ಅಜ್ಜಿ ಬೀಡಿಯ ಮೊರವನ್ನು ಕೂಡಲೇ ಪಕ್ಕಕ್ಕೆ ಸರಿಸಿದರು. "ಇದ್ದಾಳೆ, ಇದ್ದಾಳೆ. ಮೊಮ್ಮಗಳು. ಕುಳಿತುಕೊಳ್ಳಿ." ಒಳಗಿನಿಂದ ಬೆಲ್ಲ ನೀರು ಬಂತು.

"ಎಷ್ಟು ವರ್ಷ?"

"ಬರುವ ತಿಂಗಳಿಗೆ ಹತ್ತೊಂಬತ್ತು ತುಂಬುತ್ತದೆ. ಮನೆಕೆಲಸ ಎಲ್ಲ ಬರುತ್ತದೆ."

"ಓದು?"

"ಎಸ್ಸೆಸ್ಸೆಲ್ಸಿ. ಲೆಕ್ಕದಲ್ಲಿ ಮಾತ್ರ ಹೋದದ್ದು. ಅದು ಒಂದು ದೊಡ್ಡ ವಿಷಯವಾ ಈಗ?"

"ಅದೇ ದೊಡ್ಡ ವಿಷಯ ಅಜ್ಜಿ. ನಾವು ಬಂದದ್ದೇ ಅದಕ್ಕೆ" ಎಂದೆ.

ಅಜ್ಜಿಗೆ ಇದು ಹಿಡಿಸಲಿಲ್ಲ. "ಇಷ್ಟು ಕಟ್ಟುನಿಟ್ಟಿನವರಾದರೆ ಹುಡುಗ ಎಂತ ಮಾಡುತ್ತಾನೆ, ಅದನ್ನು ಮೊದಲು ಹೇಳಿ. ದುಬೈಯಾ?"

ನನ್ನದು ಮದುವೆ ದಲ್ಲಾಳಿಯ ವೇಷ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಾಪುವಿನ ಹುಡುಗಿ ದುಪ್ಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಕುಲುಕುತ್ತಿದ್ದಳು. ಅಜ್ಜಿ ಅವಳನ್ನೇ ತೋರಿಸಿ, "ಇವಳು ಹುಡುಗನ ತಂಗಿಯಾ? ನಗು ಸ್ವಲ್ಪ ಜಾಸ್ತಿ" ಎಂದರು.

ನಾವು ಸಂಬಂಧ ನೋಡಲು ಬಂದವರಲ್ಲ, ಪಾಠಕ್ಕೆ ಕರೆಯಲು ಬಂದವರು ಎಂದು ಬಿಡಿಸಿ ಹೇಳಿದೆ. ಅಜ್ಜಿ ಪೂರ್ತಿ ಕೇಳಿ, "ಅಂದರೆ ಹುಡುಗನೇ ಇಲ್ಲ?" ಎಂದರು.

"ಇಲ್ಲ ಅಜ್ಜಿ."

"ಲೆಕ್ಕ ಮಾತ್ರ?"

"ಲೆಕ್ಕ ಮಾತ್ರ."

ಅಜ್ಜಿ ಮತ್ತೆ ಮೊರ ಎಳೆದುಕೊಂಡರು. "ಆಗಲಿ, ಕಳುಹಿಸುತ್ತೇನೆ" ಎಂದರು.

ಹೊರಟಾಗ ತಡವಾಗಿತ್ತು. ನಾವು ಓಣಿಯಲ್ಲಿರುವಾಗಲೇ ಉಡುಪಿಯ ಬಸ್ಸು ಮೇಲೆ ರಸ್ತೆಯಲ್ಲಿ ನಮ್ಮನ್ನು ದಾಟಿ ತಿರುವಿನ ಹತ್ತಿರ ಹೋಗಿಯಾಗಿತ್ತು. ಕಾಪುವಿನ ಹುಡುಗಿ ನನ್ನ ಮುಂದೆ ಕಿತ್ತ ಚಪ್ಪಲಿ ಹಿಡಿದುಕೊಂಡು ಕುಂಟುತ್ತಿದ್ದಳು. ಆಗ ಹಿಂದಿನಿಂದ, ನಿಲ್ಲಿ ಎಂದು ತುಳುವಿನಲ್ಲಿ ಒಂದು ಕೂಗು ಬಂತು. "ಹೋ...ಯ್! ಉಂತುಲೆ!" ಗುಡ್ಡಕ್ಕೆ ಹೋಗಿ ಬಡಿದು ಮರಳಿ ಬರುವಂಥ ಕೂಗು. ಬಸ್ಸು ಗಕ್ಕನೆ ನಿಂತಿತು. ತಿರುಗಿ ನೋಡಿದರೆ ಹಿಂದೆ ಬಜಗೋಳಿಯ ಹುಡುಗಿ ಒಬ್ಬಳೇ, ತಲೆ ತಗ್ಗಿಸಿ ತನ್ನ ಕೊಡೆ ಮಡಚುತ್ತಿದ್ದಳು. ಗುಡ್ಡದಲ್ಲಿ ಸೌದೆ ಕಡಿಯುವ ಯಾರೋ ಪುಣ್ಯಾತ್ಮ ಕೂಗಿರಬೇಕೆಂದು ನಾನು ಮನಸ್ಸಿನಲ್ಲೇ ಅವನಿಗೆ ನಮಸ್ಕಾರ ಹೇಳಿದೆ.

ಸೋಮವಾರ ಅಜ್ಜಿಯ ಮೊಮ್ಮಗಳು ತರಗತಿಗೆ ಬಂದಳು. ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಕೈತುಂಬ ಬಳೆ. ಕೈಯಲ್ಲಿ ಗಣಿತದ ಪುಸ್ತಕ.

"ಇದೆಂತ ಮಾರಾಯ್ತಿ?" ಎಂದಳು ಕಾಪುವಿನ ಹುಡುಗಿ.

"ಅಜ್ಜಿ ಉಡಿಸಿದ್ದು ಅಕ್ಕ. ಬಂದವರು ಹೇಳುವುದು ಲೆಕ್ಕ ಅಂತ, ಆದರೂ ಒಂದು ತಯಾರಿಯಲ್ಲಿ ಹೋಗು ಎಂದರು."

ಬಸ್ಸಿಗೊಂದು ಪಾಠ

ವರ್ಷದ ಕೊನೆಗೆ ಪ್ರತಿಯೊಬ್ಬಳೂ ದೊಡ್ಡ ಟೀಚರ್ ಎದುರು ಒಂದು ಪಾಠ ಮಾಡಬೇಕು. ಅದರಲ್ಲಿ ಒಪ್ಪಿಗೆಯಾದರೆ ಊರಿನ ತರಗತಿ ಅವಳದು. ಕಾಪುವಿನ ಹುಡುಗಿಗೆ ಮೊದಲ ಸಲವೇ ಒಪ್ಪಿಗೆಯಾಯಿತು. "ಸಾಕು, ಸಾಕು, ನಿಲ್ಲಿಸು" ಎಂದೇ ದೊಡ್ಡ ಟೀಚರ್ ಒಪ್ಪಿಗೆ ಕೊಟ್ಟರು.

ಬಜಗೋಳಿಯ ಹುಡುಗಿಯ ಪಾಠ ಎರಡು ಸಲ ಆಗಿಹೋಗಿತ್ತು. ಎರಡು ಸಲವೂ ದೊಡ್ಡ ಟೀಚರ್ ಕೊನೆಯ ಬೆಂಚಿನಿಂದ ಎದ್ದು ಬಂದು, "ತುಟಿ ಆಡಿದ್ದು ಕಂಡಿತು, ಪಾಠ ಕೇಳಲಿಲ್ಲ" ಎಂದಿದ್ದರು. ಮೂರನೆಯದು ಕೊನೆಯದು. ಫ್ಯಾಕ್ಟರಿಯಿಂದಲೂ ಮಾತು ಬಂದಿತ್ತು, ಸೋಮವಾರ ಬಂದು ಕೂರದಿದ್ದರೆ ಸ್ಟೂಲ್ ಬೇರೆಯವಳಿಗೆ ಎಂದು. ಸ್ಟೂಲ್ ಹೋಗಿ, ತರಗತಿಯೂ ಸಿಗದಿದ್ದರೆ ಎರಡೂ ಇಲ್ಲ. ತಾಯಿ ಫೋನು ಮಾಡಿ, "ಎಂತ ಹೇಳಲಿ ಸರ್ ರೈಟರಿಗೆ?" ಎಂದು ಕೇಳಿದರು.

ಈ ಸಲದ ಪಾಠ ಅವಳ ಊರಿನಲ್ಲೇ. ಬಜಗೋಳಿ ದಾಟಿ ಕಾರ್ಕಳದ ದಿಕ್ಕಿಗೆ ರಸ್ತೆಯ ಬದಿಯಲ್ಲೇ ಇರುವ ಶಾಲೆಯ ಒಂದು ಕೋಣೆ. ಊರಿನ ಹುಡುಗಿಯರು ಬೆಂಚು ತುಂಬಿ ಕುಳಿತಿದ್ದರು. ದೊಡ್ಡ ಟೀಚರ್ ಕೊನೆಯ ಬೆಂಚಿನಲ್ಲಿ, ಸಹಜವಾಗಿ ರಸ್ತೆ ಕಾಣುವ ತುದಿಯಲ್ಲಿ. ಪಕ್ಕದಲ್ಲಿ ನಾನು.

ವಿಷಯ ಭಿನ್ನರಾಶಿ. ಅವಳು ಕರಿಹಲಗೆಯ ಮೇಲೆ ಒಂದು ಮೀನು ಬರೆದಳು. ಕಣ್ಣು, ರೆಕ್ಕೆ, ಬಾಲ ಎಲ್ಲ ಇದ್ದ ಎಷ್ಟು ಚೆಂದದ ಮೀನೆಂದರೆ ಮುಂದಿನ ಬೆಂಚಿನವರು "ಅಂಜಲ್, ಅಂಜಲ್" ಎಂದು ಪಿಸುಗುಟ್ಟಿದರು. ಆಮೇಲೆ ಅವಳು ಪಿಸುಗುಟ್ಟಿದಳು. ಇಬ್ಬರ ಪಿಸುಗುಟ್ಟುವಿಕೆಯಲ್ಲಿ ಬೆಂಚಿನವರದ್ದೇ ಹೆಚ್ಚು ಕೇಳುತ್ತಿತ್ತು.

ದೊಡ್ಡ ಟೀಚರ್ ಕಿವಿಗೆ ಕೈ ಹಿಡಿದು ಸ್ವಲ್ಪ ಹೊತ್ತು ಕುಳಿತರು. ಆಮೇಲೆ ಪೆನ್ನಿಗೆ ಕ್ಯಾಪು ಹಾಕಿದರು. ಅಷ್ಟರಲ್ಲಿ ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು. ಕಾರ್ಕಳಕ್ಕೆ ಹೋಗುವ ಸಂಜೆಯ ಬಸ್ಸು. ಫ್ಯಾಕ್ಟರಿ ಬಿಟ್ಟ ಹೆಂಗಸರೆಲ್ಲ ಅದರಲ್ಲೇ ಬರುವುದು. ದೊಡ್ಡ ಟೀಚರ್ ಚೀಲ ಎತ್ತಿಕೊಂಡು ಎದ್ದರು. ಅವರು ಎದ್ದರೆ ಮುಗಿಯಿತು ಎಂದು ಎಲ್ಲರಿಗೂ ಗೊತ್ತು. ಅವಳಿಗೂ ಗೊತ್ತಾಯಿತು. ಕೈಯಲ್ಲಿದ್ದ ಚಾಕ್ ಮುರಿಯಿತು.

ಆದರೆ ಆ ವಯಸ್ಸಿನಲ್ಲಿ ದೊಡ್ಡ ಟೀಚರ್ ಅಂಗಳ ದಾಟುವಷ್ಟರಲ್ಲಿ ಬಸ್ಸು ಹೋಗಿಬಿಡುವುದು ಖಂಡಿತವಿತ್ತು. ಶಾಲೆಯ ಎದುರು ನಿಲ್ದಾಣವಿಲ್ಲ. ಅದು ಅವಳ ಊರು, ಅವಳ ಬಸ್ಸು, ಹೊರಟವರು ಅವಳ ಟೀಚರ್. ಅವಳು ಬೇರೇನೂ ಯೋಚಿಸಿದಂತೆ ಕಾಣಲಿಲ್ಲ. ಎರಡು ಹೆಜ್ಜೆಯಲ್ಲಿ ಕಿಟಕಿಯ ಹತ್ತಿರ ಹೋಗಿ ಸರಳು ಹಿಡಿದುಕೊಂಡಳು.

"ಹೋ...ಯ್! ಉಂತುಲೆ!"

ನನ್ನ ಪಕ್ಕದ ಕಿಟಕಿಯ ಗಾಜು ಅದುರಿತು. ಬಸ್ಸು ಬ್ರೇಕು ಹಾಕಿ, ಸ್ವಲ್ಪ ಜಾರಿ, ಸರಿಯಾಗಿ ಶಾಲೆಯ ಎದುರು ನಿಂತಿತು. ಕುಕ್ಕುಂದೂರಿನ ಗುಡ್ಡದಲ್ಲಿ ಸೌದೆ ಕಡಿಯುತ್ತಿದ್ದ ಪುಣ್ಯಾತ್ಮ ಯಾರೆಂದು ನನಗೆ ಆಗ ತಿಳಿಯಿತು.

ದೊಡ್ಡ ಟೀಚರ್ ಬಾಗಿಲಿನಲ್ಲೇ ನಿಂತರು. "ಈ ಸ್ವರ ಇಷ್ಟು ದಿನ ಎಲ್ಲಿ ಇಟ್ಟಿದ್ದಿ?"

ಹುಡುಗಿ ಮತ್ತೆ ಪಿಸುಮಾತಿಗೆ ಇಳಿದಳು. ನಾನು ಹತ್ತಿರ ಹೋಗಿ ಕೇಳಿಸಿಕೊಂಡು ದೊಡ್ಡ ಟೀಚರಿಗೆ ಹೇಳಬೇಕಾಯಿತು. "ಮನೆ ರಸ್ತೆಯಿಂದ ತುಂಬ ಕೆಳಗೆ ಅಂತೆ. ಬೆಳಿಗ್ಗೆ ಅಂಗಳದಿಂದಲೇ ಕೂಗಿ ಬಸ್ಸು ನಿಲ್ಲಿಸಿ ಆಮೇಲೆ ಗುಡ್ಡ ಹತ್ತುವುದಂತೆ. ಅದು ಬಸ್ಸಿಗೆ ಮಾತ್ರ ಬರುವ ಸ್ವರ ಅಂತೆ."

"ಬಸ್ಸಿಗೆ ಮಾತ್ರ ಯಾಕೆ?"

"ಬಸ್ಸು ತಿರುಗಿ ಪ್ರಶ್ನೆ ಕೇಳುವುದಿಲ್ಲವಂತೆ."

ದೊಡ್ಡ ಟೀಚರ್ ವಾಪಸ್ ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ಚೀಲವನ್ನು ಕೆಳಗಿಟ್ಟರು.

"ಹಾಗಾದರೆ ಬಸ್ಸಿಗೇ ಪಾಠ ಮಾಡು."

"ಟೀಚರೇ!" ಎಂದು ಹೊರಗಿನಿಂದ ಕಂಡಕ್ಟರ್ ಕೂಗಿದ. "ಹತ್ತುವವರು ಬೇಗ ಬನ್ನಿ. ಹಿಂದೆ ಇನ್ನೊಂದು ಬಸ್ಸು ಉಂಟು. ಟೈಮಿಂಗ್!"

ದೊಡ್ಡ ಟೀಚರ್ ಕಿಟಕಿಗೆ ಮುಖ ತೋರಿಸಿದರು. ಡ್ರೈವರ್ ಅವರನ್ನು ಕಂಡದ್ದೇ ತಡ ಎಂಜಿನ್ ಆಫ್ ಮಾಡಿದ. ಐವತ್ತರ ಹತ್ತಿರದ ಮನುಷ್ಯ, ಆದರೂ ಬೆನ್ನು ನೇರ ಮಾಡಿ ಕುಳಿತ. ಅವರ ಕೈಯಲ್ಲಿ ಕಲಿತ ಅರ್ಧ ಜನದಲ್ಲಿ ಅವನೂ ಒಬ್ಬ. "ಇವನಿಗೂ ಒಳ್ಳೆಯದೇ" ಎಂದರು ದೊಡ್ಡ ಟೀಚರ್, "ಭಿನ್ನರಾಶಿ ಶುರುವಾದ ದಿನ ಶಾಲೆಗೆ ಬರುವುದನ್ನು ನಿಲ್ಲಿಸಿದವನು."

ಹುಡುಗಿ ಕಿಟಕಿಗೆ ಮುಖ ಮಾಡಿದಳು. ಒಮ್ಮೆ ಉಸಿರು ಎಳೆದುಕೊಂಡಳು.

"ಒಂದು ಅಂಜಲ್ ಮೀನು!" ಎಂದು ಬಸ್ಸಿಗೆ ಕೂಗಿ ಹೇಳಿದಳು. "ಅದು ಒಂದು ಪೂರ್ಣ! ನಾಲ್ಕು ತುಂಡು ಮಾಡಿದೆ! ಒಂದೊಂದು ತುಂಡು ಎಷ್ಟು?"

ಕೋಣೆಯೊಳಗಿನ ಹುಡುಗಿಯರು ಕಿರುಚಿದರು, "ನಾಲ್ಕನೇ ಒಂದು!" ಬಸ್ಸಿನ ಕಿಟಕಿಗಳಲ್ಲಿ ಒಂದೊಂದೇ ತಲೆ ಹೊರಗೆ ಬಂತು. ಗೇರುಬೀಜದ ಫ್ಯಾಕ್ಟರಿಯ ಹೆಂಗಸರು. ಅವರ ನಡುವೆ ಅವಳ ತಾಯಿ. ಆಶ್ಚರ್ಯವೆಂದರೆ ತಾಯಿಯ ಬಾಯಿ ಮುಚ್ಚಿತ್ತು.

"ಎರಡು ತುಂಡು ತಿಂದರೆ?" ಎಂದು ಹುಡುಗಿ ಕೂಗಿದಳು.

"ಅರ್ಧ!" ಎಂದಿತು ತರಗತಿ. ಬಸ್ಸಿನೊಳಗಿನಿಂದಲೂ ಯಾರೋ ಇಬ್ಬರು "ಅರ್ಧ" ಎಂದರು.

ಆಗ ಬಸ್ಸಿನ ಮುಂದಿನ ಸೀಟಿನಲ್ಲಿದ್ದ ಒಬ್ಬ ಹೆಂಗಸು ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿದರು. "ಟೀಚರೇ, ಒಂದು ಪ್ರಶ್ನೆ!"

ಬಸ್ಸು ತಿರುಗಿ ಪ್ರಶ್ನೆ ಕೇಳುತ್ತಿತ್ತು.

"ನಾಲ್ಕೂ ನಾಲ್ಕನೇ ಒಂದು ಅಂತೀರಿ. ನಡು ತುಂಡು ದೊಡ್ಡದು ಬಂದರೆ?"

ಹುಡುಗಿ ಸರಳನ್ನು ಬಿಗಿಯಾಗಿ ಹಿಡಿದಳು. ಕಾಪುವಿನ ಬೆಕ್ಕು ಎತ್ತಿಕೊಂಡು ಹೋದ ಪ್ರಶ್ನೆ ಅದೇ. ಅಂದು ಅವಳು ಬರೆದುಕೊಂಡದ್ದು ನನಗೆ ನೆನಪಾಯಿತು.

"ದೊಡ್ಡದು ಬಂದರೆ ಅದು ನಾಲ್ಕನೇ ಒಂದು ಅಲ್ಲ!" ಗುಡ್ಡಕ್ಕೆ ತಾಗಿ ಬಂತು ಉತ್ತರ. "ಸಮ ಇದ್ದರೆ ಮಾತ್ರ ನಾಲ್ಕನೇ ಒಂದು! ಸಮ ಬರಬೇಕಾದರೆ ಒಂದು ಉಪಾಯ ಉಂಟು! ಕತ್ತರಿಸಿದವರು ಕೊನೆಯ ತುಂಡು ತೆಗೆದುಕೊಳ್ಳಬೇಕು! ಆಗ ನೋಡಿ ಹೇಗೆ ಸಮ ಬರುತ್ತದೆ!"

"ಅದು ಆಗುವುದಿಲ್ಲ ಟೀಚರೇ!" ಎಂದರು ಆ ಹೆಂಗಸು. "ನಮ್ಮ ಮನೆಯಲ್ಲಿ ಕತ್ತರಿಸುವುದೂ ನಾನು, ಕೊನೆಗೆ ಉಣ್ಣುವುದೂ ನಾನು. ಆದರೂ ನಡು ತುಂಡು ಗಂಡನಿಗೇ ಹೋಗುತ್ತದೆ!"

ಪುಸ್ತಕದಲ್ಲಿ ಇಲ್ಲದ ಲೆಕ್ಕ. ಹುಡುಗಿ ಒಂದೇ ಕ್ಷಣ ಯೋಚಿಸಿದಳು.

"ಹಾಗಾದರೆ ನಾಳೆಯಿಂದ ಗಂಡ ಕತ್ತರಿಸಲಿ! ಕೊನೆಯ ತುಂಡು ಅವರಿಗೆ!"

ಬಸ್ಸಿನೊಳಗೆ ಎದ್ದ ಚಪ್ಪಾಳೆ, ನಗು, ಸೀಟಿಗೆ ಬಡಿದ ಸದ್ದು ಕೇಳಿ ಹಿಂದಿನಿಂದ ಬಂದ ಇನ್ನೊಂದು ಬಸ್ಸು ಅಪಘಾತವಾಗಿದೆಯೆಂದು ತಿಳಿದು ನಿಂತಿತು. ದೊಡ್ಡ ಟೀಚರ್ ಪೆನ್ನಿನ ಕ್ಯಾಪು ತೆಗೆದು, ಬರೆಯಬೇಕಾದ್ದನ್ನು ಬರೆದು, ಸಹಿ ಹಾಕಿದರು. "ಕೊನೆಯ ಬೆಂಚಿಗೆ ಕೇಳಿತು" ಎಂದರು. "ಕಾರ್ಕಳಕ್ಕೂ ಕೇಳಿರಬೇಕು."

ನಾವು ರಸ್ತೆಗೆ ಬಂದಾಗ ತಾಯಿ ಬಸ್ಸಿನಿಂದ ಇಳಿದು ನಿಂತಿದ್ದರು. "ಟೀಚರೇ, ಆ ಸ್ಟೂಲ್..." ಎಂದರು ಅಷ್ಟೇ.

"ಆ ಸ್ಟೂಲ್ ಬೇಕಾದವರಿಗೆ ಕೊಡಲಿ ಎಂದು ರೈಟರಿಗೆ ಹೇಳಿ" ಎಂದರು ದೊಡ್ಡ ಟೀಚರ್. "ಅಲ್ಲಮ್ಮ, ಇವಳಿಗೆ ಬಾಯಿ ಇಲ್ಲ ಎಂದದ್ದು ನೀವೇ ಅಲ್ವಾ?"

ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನಾನು ಇರುವಾಗ ಅವಳಿಗೆ ಅವಕಾಶ ಎಲ್ಲಿ ಸಿಗುತ್ತದೆ ಟೀಚರೇ?" ಎಂದರು.

ನಾವಿಬ್ಬರೂ ಹತ್ತಿದೆವು, ಬಸ್ಸು ಹೊರಟಿತು. ಕಾರ್ಕಳದವರೆಗೂ ಹೆಂಗಸರ ನಗು ನಿಲ್ಲಲಿಲ್ಲ. ಡ್ರೈವರ್ ಮಾತ್ರ ಒಂದು ಮಾತೂ ಆಡದೆ, ಎತ್ತಲೂ ನೋಡದೆ ಓಡಿಸಿದ. ಕಂಡಕ್ಟರ್ ಟಿಕೆಟು ಹರಿಯುತ್ತಾ ನನ್ನ ಕಿವಿಯ ಹತ್ತಿರ ಬಗ್ಗಿ, "ಮುಂದಿನ ಸೀಟಿನಲ್ಲಿ ಕುಳಿತು ಪ್ರಶ್ನೆ ಕೇಳಿದ್ದು ಯಾರು ಗೊತ್ತುಂಟಾ ಸರ್? ನಮ್ಮ ಡ್ರೈವರನ ಹೆಂಡತಿ" ಎಂದ.

ಮುಂದಿನ ವಾರ ಬಜಗೋಳಿಯ ಹೊಸ ಟೀಚರಿನ ತರಗತಿ ನೋಡಿ ಬರಲು ಹೋದೆ. ತರಗತಿ ತುಂಬಿತ್ತು, ರಸ್ತೆಯಿಂದಲೇ ಪಾಠ ಕೇಳುತ್ತಿತ್ತು, ಒಳಗೆ ಹೋಗುವ ಅಗತ್ಯವೇ ಇರಲಿಲ್ಲ. ವಾಪಸ್ ಬರಲು ಅದೇ ಬಸ್ಸು ಸಿಕ್ಕಿತು, ಅದೇ ಡ್ರೈವರ್. ಸ್ಟೀರಿಂಗ್ ಹಿಡಿದ ಅವನ ಎಡಗೈಯ ಎರಡು ಬೆರಳುಗಳಿಗೆ ಬಟ್ಟೆ ಸುತ್ತಿತ್ತು.

ಅವನನ್ನೇ ಕೇಳಲು ಸಂಕೋಚವಾಯಿತು. ಕಂಡಕ್ಟರ್ ಹತ್ತಿರ ಬಂದಾಗ, ಎಂತಾಯಿತು ಎಂದು ಕಣ್ಣಿನಲ್ಲೇ ಕೇಳಿದೆ.

ಅವನು ಮುಂದಕ್ಕೊಮ್ಮೆ ನೋಡಿ ದನಿ ತಗ್ಗಿಸಿದ.

"ಹೋಂವರ್ಕ್ ಸರ್."